ಕಿಲ್ಲಾರಿಯ ಮಾಳಿಗೆಗಳು ನಮ್ಮ ಕಡೆಯೂ ಇವೆ

ಸಂಪಾದಕರೇ,

ಸೆಪ್ಟೆಂಬರ್ 30 ಹತ್ತಿರ ಬಂತು ಅಂದರೆ ಪೇಪರಿನಲ್ಲಿ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ಭೂಕಂಪದ ಒಂದು ಹಳೆ ಫೋಟೊ, ಅದರ ಕೆಳಗೆ ಸತ್ತವರ ಲೆಕ್ಕ ಬರುತ್ತದೆ. ಬರಲಿ, ಬೇಡ ಅನ್ನುವುದಿಲ್ಲ. ಆದರೆ ಆಳಂದ, ಬಸವಕಲ್ಯಾಣದ ಕಡೆಯವರಿಗೆ ಅದು ಬೇರೆ ರಾಜ್ಯದ ಸುದ್ದಿ ಅಲ್ಲ. ಗಡಿಯಾಚೆಯ ಉಮರ್ಗಾ ದಾಟಿದರೆ ಅದೇ ಸೀಮೆ. ಅಲ್ಲಿಗೆ ಹೆಣ್ಣು ಕೊಟ್ಟವರಿದ್ದಾರೆ, ಅಲ್ಲಿಂದ ತಂದವರಿದ್ದಾರೆ. ಮನೆ ಕಟ್ಟುವ ರೀತಿಯೂ ಒಂದೇ. ನಾನು ಹೇಳಬೇಕಾದ್ದು ಆ ಮನೆಗಳ ಬಗ್ಗೆಯೇ.

1993ರಲ್ಲಿ ನೆಲ ನಡುಗಿದ್ದು ನಸುಕಿನ ನಾಲ್ಕರ ಹತ್ತಿರ. ಹಿಂದಿನ ದಿನ ಗಣಪತಿ ಕಳಿಸಿ, ತಡವಾಗಿ ಮನೆಗೆ ಬಂದು ಮಲಗಿದ ಜನ. ಭೂಕಂಪದ ತೀವ್ರತೆ 6.2. ದೊಡ್ಡದೇ, ಆದರೆ ಜಗತ್ತಿನಲ್ಲಿ ಆಗುವ ಭೂಕಂಪಗಳಲ್ಲಿ ತೀರಾ ದೊಡ್ಡದೇನಲ್ಲ. 10 ಸಾವಿರದ ಹತ್ತಿರ ಜನ ಸತ್ತದ್ದು ಗೋಡೆ, ಮಾಳಿಗೆ (ಅಂದರೆ ಮಣ್ಣು ಹಾಕಿದ ಚಪ್ಪಟೆ ಛಾವಣಿ) ಮೈಮೇಲೆ ಬಿದ್ದು. ನಮ್ಮ ಹಳೆಯ ಗೋಡೆಗಳನ್ನು ಒಮ್ಮೆ ಒಡೆದು ನೋಡಿ. ಹೊರಗೊಂದು ಕಲ್ಲಿನ ಸಾಲು, ಒಳಗೊಂದು ಸಾಲು, ನಡುವೆ ಮಣ್ಣು, ಚೂರುಗಲ್ಲು. ಎರಡನ್ನೂ ಹಿಡಿದಿಡುವ ಉದ್ದ ಕಲ್ಲು ಎಲ್ಲೂ ಇರುವುದಿಲ್ಲ. ನೆಲ ಅಲ್ಲಾಡಿದಾಗ ಎರಡೂ ಸಾಲು ಉಬ್ಬಿ ಬೇರೆಯಾಗಿ ಕುಸಿಯುತ್ತವೆ. ಮೇಲೆ ಮಾಳಿಗೆ. ಸೋರಬಾರದು ಅಂತ ಮಳೆಗಾಲಕ್ಕೆ ಮುಂಚೆ ಅಜ್ಜನೂ ಮಣ್ಣು ಏರಿಸಿದ, ಅಪ್ಪನೂ ಏರಿಸಿದ, ತೆಗೆದವರು ಮಾತ್ರ ಯಾರೂ ಇಲ್ಲ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆಯ ಮೇಲೆ ಒಂದೂವರೆ ಅಡಿ ಮಣ್ಣು ಅಂದರೆ ಆರೇಳು ಟನ್ ಭಾರ. ಅದರ ಕೆಳಗೆ ನಾವು ಹಾಸಿಗೆ ಹಾಸಿ ಮಲಗುತ್ತೇವೆ, ಬೇಸಿಗೆಯಲ್ಲಿ ತಣ್ಣಗಿರುತ್ತದೆ ಅಂತ ಹೊಗಳುತ್ತೇವೆ. ಕಿಲ್ಲಾರಿ ಕಡೆ ಉಳ್ಳವರ ದೊಡ್ಡ ಕಲ್ಲಿನ ವಾಡೆಗಳು ನೆಲಕ್ಕೆ ಕೂತವು, ಪಕ್ಕದ ಬಡವರ ಹುಲ್ಲಿನ ಗುಡಿಸಲುಗಳು ನಿಂತೇ ಇದ್ದವು.

ಆಗ ನಮ್ಮ ಕಡೆಯ ಜನ ಸುಮ್ನೆ ಕೂತಿರಲಿಲ್ಲ. ಮನೆ ಮನೆಯಲ್ಲಿ ಕಡಕ್ ರೊಟ್ಟಿ ಬಡಿದು, ಶೇಂಗಾ ಹಿಂಡಿ ಗಂಟು ಕಟ್ಟಿ ಲಾರಿಗೆ ಹಾಕಿದರು. ಅಂಥ ಒಂದು ಲಾರಿಯಲ್ಲಿ ಹುಡುಗರ ಜೊತೆ ನಾನೂ ಹೋಗಿದ್ದೆ. ರೇಡಿಯೋದಲ್ಲಿ ಕೇಳಿದ ಹೆಸರು ಕಿಲ್ಲಾರಿ ಒಂದೇ, ಹಾಗಾಗಿ ಎಲ್ಲ ಗಾಡಿಗಳ ಮುಖವೂ ಆ ಕಡೆಗೇ. ದಾರಿ ಜಾಮ್. ಮಿಲಿಟರಿಯವರು ಹೆಣ ತೆಗೆಯುವುದೋ, ನಮ್ಮಂಥವರ ಗಾಡಿ ಸರಿಸುವುದೋ? ರಸ್ತೆಯಿಂದ ಒಳಗಿದ್ದ ಹಳ್ಳಿಯವರು ದಾರಿಗೆ ಬಂದು ಕೈ ಅಡ್ಡ ಹಿಡಿದು ನಿಲ್ಲಿಸುತ್ತಿದ್ದರು. ಮೇಲಿಂದ ಮಳೆ ಬೇರೆ. ಊಟಕ್ಕೆ ಅಷ್ಟು ಕೊರತೆ ಇರಲಿಲ್ಲ. ಬೇಕಾಗಿದ್ದು ತಾಡಪತ್ರಿ, ತಗಡು, ಕಂದೀಲು, ದನಕ್ಕೆ ಮೇವು. ಬಂದದ್ದು ಹಳೆ ಬಟ್ಟೆ, ರಾಶಿ ರಾಶಿ. ದೂರದ ಪಟ್ಟಣದವರು ಕೋಟು, ಟೈ ಕೂಡ ಕಳಿಸಿದ್ದರು. ನೆಂದು ಕೆಸರಾದ ಅಂಥದ್ದೊಂದು ರಾಶಿಯ ಮೇಲೆ ಎಮ್ಮೆಯೊಂದು ಆರಾಮಾಗಿ ಮಲಗಿ ಮೆಲುಕು ಹಾಕುತ್ತಿತ್ತು. ಕೊಡುವ ಮನಸ್ಸು ತಪ್ಪಲ್ಲ. ಏನು ಬೇಕು ಅಂತ ಯಾರೂ ಕೇಳಲಿಲ್ಲ ಅಷ್ಟೇ. ಪುಣೆಯ ಭಾರತೀಯ ಜೈನ ಸಂಘಟನೆಯವರು ಅಲ್ಲಿಯ 1,200 ಮಕ್ಕಳನ್ನು ಕರೆದುಕೊಂಡು ಹೋಗಿ ಓದಿಸಿದರು. ಅಂಥ ಕೆಲಸ ಮಾಡಿದವರು ಕಡಿಮೆ.

ಆಮೇಲೆ ವಿಶ್ವಬ್ಯಾಂಕಿನ ದುಡ್ಡು ಬಂತು, ತೀರಾ ಹಾಳಾದ 52 ಹಳ್ಳಿಗಳನ್ನು ಬೇರೆ ಜಾಗದಲ್ಲಿ ಕಟ್ಟಿದರು. ಭೂಮಿ ಇಲ್ಲದವರಿಗೆ, ಚೂರು ಭೂಮಿ ಇದ್ದವರಿಗೆ 250 ಚದರ ಅಡಿಯ ಮನೆ, ನಡುವಿನವರಿಗೆ 400, ದೊಡ್ಡ ಹೊಲದವರಿಗೆ 750. ಭೂಕಂಪ ನೋಡದ ಭೇದವನ್ನು ಪರಿಹಾರ ನೋಡಿತು! ಹೊಸ ಊರುಗಳ ರಸ್ತೆ ಅಗಲ, ಸಾಲುಮನೆ ಪಟ್ಟಣದ ಕಾಲೊನಿಯ ಹಾಗೆ. ದನ ಎಲ್ಲಿ ಕಟ್ಟಬೇಕು, ಜೋಳದ ಕಣಕಿ ಎಲ್ಲಿ ಒಟ್ಟಬೇಕು ಅನ್ನುವುದು ಆ ನಕಾಶೆ ಬರೆದವರಿಗೆ ಹೊಳೆಯಲಿಲ್ಲ ಅಂತ ಕಾಣುತ್ತದೆ.

ನನಗೆ ಅದಕ್ಕಿಂತ ಜಾಸ್ತಿ ಬೆಲೆಯದು ಅನಿಸಿದ್ದು ಇನ್ನೊಂದು ಕೆಲಸ, ಅದರ ಫೋಟೊ ಯಾವ ಪೇಪರಿನಲ್ಲೂ ಬರುವುದಿಲ್ಲ. ಊರು ಬಿಡದೆ ಇದ್ದಲ್ಲೇ ಮನೆ ರಿಪೇರಿ ಮಾಡಿ ಗಟ್ಟಿ ಮಾಡಿಕೊಳ್ಳುವ ಯೋಜನೆ, ಮಹಾರಾಷ್ಟ್ರದ 13 ಜಿಲ್ಲೆಗಳಲ್ಲಿ ನಡೆಯಿತು. ದುಡ್ಡು ಹೇಗೆ ಸಿಗುತ್ತದೆ, ಗೋಡೆ ಹೇಗೆ ಕಟ್ಟಬೇಕು ಅಂತ ತಿಳಿಸಿ ಹೇಳಲು ಹಳ್ಳಿಯ ಮಹಿಳಾ ಮಂಡಳಿಯವರನ್ನೇ ಹಿಡಿದರು. ಮನೆ ಎಲ್ಲಿ ಸೋರುತ್ತದೆ, ಎಲ್ಲಿ ಬಿರುಕು ಬಿಟ್ಟಿದೆ ಅನ್ನುವುದು ಅವರಿಗಲ್ಲದೆ ಮತ್ಯಾರಿಗೆ ಗೊತ್ತು? ಗಡಿಯ ಈಚೆ ಮನೆಗಳು ಅವೇ, ಆದರೆ ಅಷ್ಟು ದೊಡ್ಡ ಮಟ್ಟದಲ್ಲಿ ಅಂಥ ಕೆಲಸ ನಡೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಅದೆಲ್ಲ ಹಳೆ ಮಾತು ಅನ್ನುವವರು ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದವರನ್ನು ಕೇಳಿ. 2021ರ ಅಕ್ಟೋಬರಿನಲ್ಲಿ ಮೇಲಿಂದ ಮೇಲೆ ಭೂಮಿ ಸದ್ದು ಮಾಡಿ ನಡುಗಿತು, ಒಂದು ರಾತ್ರಿ 4.1 ತೀವ್ರತೆಯದೂ ಆಯಿತು. ಜನ ಹೊರಗೆ ಮಲಗಿದರು, ಎಷ್ಟೋ ಮಂದಿ ಊರು ಬಿಟ್ಟು ಹೋದರು. ಮನೆ ಮುಂದೆ ಒಂದು ತಗಡಿನ ಶೆಡ್ ಹಾಕಿಕೊಡಿ ಅಂತ ಬೇಡಿಕೊಂಡರು. ಹೈದರಾಬಾದಿನಿಂದ ವಿಜ್ಞಾನಿಗಳೂ ಬಂದರು. ಮಳೆ ಜಾಸ್ತಿಯಾದಾಗ ಇಂಥ ಸಣ್ಣ ಕಂಪನ ಆಗುವುದುಂಟು, ಹೆದರಬೇಡಿ ಅನ್ನುವ ಮಾತೂ ಬಂತು. ಇರಬಹುದು. ಕಿಲ್ಲಾರಿಯಲ್ಲೂ ಒಂದು ವರ್ಷ ಮೊದಲು, 1992ರಲ್ಲಿ, ಸಣ್ಣ ಕಂಪನಗಳು ಆಗಿದ್ದವು ಅನ್ನುವುದು ಊರವರಿಗೆ ನೆನಪಿರುತ್ತದೆ ಅಲ್ವಾ? ಇಲ್ಲೂ ಹಾಗೇ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ಬರೀ ಹೆದರಬೇಡಿ ಅಂದರೆ ಮಾಳಿಗೆಯ ಭಾರ ಇಳಿಯುವುದಿಲ್ಲ.

ಇದಕ್ಕೆ ಕೋಟಿಗಟ್ಟಲೆ ಬೇಕಿಲ್ಲ. ಮಾಳಿಗೆಯ ಹಳೆ ಮಣ್ಣು ಇಳಿಸಿ, ನೀರು ಇಳಿಯದ ಹಾಳೆ ಹಾಸಿ ತೆಳ್ಳಗೆ ಮಣ್ಣು ಹರಡಬೇಕು. ಗೋಡೆಯಲ್ಲಿ ಅಲ್ಲಲ್ಲಿ ಆರಪಾರ ತೂತು ಮಾಡಿ, ತುದಿ ಬಾಗಿಸಿದ ಕಬ್ಬಿಣದ ಸರಳು ಇಟ್ಟು ಕಾಂಕ್ರೀಟ್ ತುಂಬಿದರೆ ಎರಡೂ ಸಾಲು ಒಂದಾಗುತ್ತವೆ. ಕಂಬ, ತೊಲೆ ಕೂಡುವಲ್ಲಿ ಓರೆಯಾಗಿ ಒಂದೊಂದು ಕಟ್ಟಿಗೆ ಬಡಿಯಬೇಕು. ನಮ್ಮ ಗೌಂಡಿಗಳಿಗೆ ಒಂದೆರಡು ವಾರ ಹೇಳಿಕೊಟ್ಟರೆ ಮಾಡಿಯಾರು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ರಸ್ತೆ, ಕಟ್ಟಡಕ್ಕೆ ಕೊಡುವ ದುಡ್ಡಿನಲ್ಲಿ ಚೂರು ಇದಕ್ಕೂ ಇಡಲಿ. ಗ್ರಾಮ ಪಂಚಾಯಿತಿಯವರು ಯಾವ ಮನೆಯ ಮಾಳಿಗೆ ಎಷ್ಟು ದಪ್ಪ ಇದೆ ಅಂತ ಮೊದಲು ಬರೆದುಕೊಳ್ಳಲಿ. ಮಳೆ ನಿಂತ ಕೂಡಲೇ ಗಡಿಕೇಶ್ವಾರದಿಂದಲೇ ಶುರು ಮಾಡಿದರೆ, ಮುಂದಿನ ಬೇಸಿಗೆಯಲ್ಲಿ ಜನ ಮತ್ತೆ ಮಣ್ಣು ಏರಿಸುವ ಮೊದಲು ಒಂದಿಷ್ಟು ಮನೆಗಳಾದರೂ ಆಗುತ್ತವೆ.

— ಒಬ್ಬ ಓದುಗ, ಆಳಂದ, ಕಲಬುರಗಿ ಜಿಲ್ಲೆ