ಫೀಡ್ ಚೀಲದಲ್ಲಿ ಕಾಕಂಬಿ ಯಾಕೆ ಕಡಿಮೆಯಾಯಿತು?

ನಮ್ಮ ಸಂಘದ ಗ್ರಾಹಕರಿಗೆಲ್ಲ ನಮಸ್ಕಾರ.

ಈ ತಿಂಗಳ ಫೀಡ್ ಚೀಲ ಬಿಚ್ಚಿದವರಿಗೆ ಗೊತ್ತಾಗಿರುತ್ತದೆ. ಬಣ್ಣ ಸ್ವಲ್ಪ ಬಿಳಿಚಿದೆ. ಕೈ ಹಾಕಿದರೆ ಮೊದಲಿನ ಹಾಗೆ ಅಂಟುವುದಿಲ್ಲ, ಪುಡಿ ಹಾರುತ್ತದೆ. ಹೋದ ವಾರ ಒಬ್ಬರು ಅಕ್ಕ ಅಂಗಡಿಗೇ ಬಂದು, "ನಮ್ಮ ಹಸ ಮೂಸಿ ನೋಡಿ ಮುಖ ತಿರುಗಿಸ್ತು ಕಣಪ್ಪ, ಏನು ಬೆರೆಸಿದ್ದೀರಿ?" ಅಂದರು. ಬೆರೆಸಿದ್ದಲ್ಲ, ಕಡಿಮೆ ಮಾಡಿದ್ದು. 50 ಕೆಜಿ ಚೀಲಕ್ಕೆ 5 ಕೆಜಿ ಕಾಕಂಬಿ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ರಸ, ಹಾಕುತ್ತಿದ್ದೆವು, ಈಗ 3 ಕೆಜಿ. ಇದನ್ನು ಮೊದಲೇ ತಿಳಿಸಬೇಕಿತ್ತು. ತಿಳಿಸದೇ ಇದ್ದದ್ದು ನಮ್ಮ ತಪ್ಪು.

ಕಾಕಂಬಿ ಎಲ್ಲಿ ಹೋಯಿತು ಅಂದರೆ, ನಿಮ್ಮ ಬೈಕಿನ ಟ್ಯಾಂಕಿಗೆ. ಸುಮ್ನೆ ಹೇಳುತ್ತಿಲ್ಲ. ಕಾರ್ಖಾನೆಯಲ್ಲಿ ಕಬ್ಬಿನ ಹಾಲಿಗೆ ಸುಣ್ಣ ಹಾಕಿ ತಿಳಿ ಮಾಡಿ, ಪಾಕ ಕಾಯಿಸಿ, ಹರಳು ಕಟ್ಟಿದ ಮೇಲೆ ಜರಡಿ ಡ್ರಮ್ಮಿನಲ್ಲಿ ಗಿರಗಿರ ತಿರುಗಿಸುತ್ತಾರೆ. ಸಕ್ಕರೆ ಒಳಗೆ ಉಳಿಯುತ್ತದೆ, ಕಪ್ಪು ರಸ ಹೊರಗೆ ಬರುತ್ತದೆ. ಆ ರಸವನ್ನು ಮತ್ತೆ ಕಾಯಿಸಿ ಮತ್ತೆ ಸಕ್ಕರೆ ತೆಗೆಯುತ್ತಾರೆ. ಹೀಗೆ ಮೂರು ಸಲ. ಮೂರನೇ ಸಲ ಉಳಿಯುವ ಕಪ್ಪನೆಯ ಗಟ್ಟಿ ರಸವೇ ನಮಗೆ ಬರುತ್ತಿದ್ದ ಕಾಕಂಬಿ. ಒಂದು ಟನ್ ಕಬ್ಬಿಗೆ ಸಿಗುವುದು ಸುಮಾರು 40ರಿಂದ 45 ಕೆಜಿ ಅಷ್ಟೇ.

ಈಗ ಬಹಳ ಕಡೆ ಎರಡನೇ ಸಲಕ್ಕೇ ನಿಲ್ಲಿಸುತ್ತಾರೆ. ಇನ್ನೂ ಸಿಹಿ ಉಳಿದಿರುವ ಆ ರಸಕ್ಕೆ ಬಿ-ಹೆವಿ ಅನ್ನುತ್ತಾರೆ. ಅದು ನೇರವಾಗಿ, ಪೆಟ್ರೋಲಿಗೆ ಬೆರೆಸುವ ಎಥನಾಲ್ ಮಾಡುವ ಘಟಕಕ್ಕೆ ಹೋಗುತ್ತದೆ. ಕೊನೆಯ ಕಾಕಂಬಿಯ ಒಂದು ಟನ್ನಿಗೆ ಸುಮಾರು 225 ಲೀಟರ್ ಎಥನಾಲ್ ಬಂದರೆ, ಇದರಲ್ಲಿ 300ರ ಹತ್ತಿರ ಬರುತ್ತದೆ. 2018ರ ಜೈವಿಕ ಇಂಧನ ನೀತಿ ಇದಕ್ಕೆ ದಾರಿ ಮಾಡಿತು. 2024-25ಕ್ಕೆ ಬಿ-ಹೆವಿ ಎಥನಾಲಿಗೆ ಲೀಟರಿಗೆ 60.73 ರೂಪಾಯಿ, ಕೊನೆಯ ಕಾಕಂಬಿಯದಕ್ಕೆ 57.97 ರೂಪಾಯಿ ದರ ನಿಗದಿಯಾಗಿತ್ತು. 2025ರಲ್ಲಿ ಪೆಟ್ರೋಲಿನಲ್ಲಿ ಶೇಕಡ 20 ಎಥನಾಲ್ ಬಂತು. ಇಷ್ಟೆಲ್ಲ ಇರುವಾಗ ನಮ್ಮಂಥ ಸಣ್ಣ ಸಂಘದ ನಾಲ್ಕು ಬ್ಯಾರಲ್ಲು ಯಾರಿಗೆ ಬೇಕು? 2023ರ ಅಕ್ಟೋಬರಿನಲ್ಲಿ ಕಾಕಂಬಿಯ ಜಿಎಸ್‌ಟಿ 28ರಿಂದ 5ಕ್ಕೆ ಇಳಿಸುವ ತೀರ್ಮಾನ ಆದಾಗ ನಾವು ಖುಷಿಪಟ್ಟಿದ್ದೆವು. ತೆರಿಗೆ ಇಳಿಯಿತು, ಮಾಲೇ ಸಿಗಲಿಲ್ಲ. ಮುಂಗಡ ಕೊಟ್ಟಿದ್ದ ಒಂದು ಕಡೆಯಿಂದಂತೂ ಮೂರು ಸಲ ಖಾಲಿ ಟ್ಯಾಂಕರ್ ವಾಪಸ್ ಬಂತು.

ಕಡಿಮೆಯಾದ 2 ಕೆಜಿಗೆ ಬದಲು ಮುಸುಕಿನ ಜೋಳದ ನುಚ್ಚು ಹಾಕುತ್ತಿದ್ದೇವೆ. ಹಸುವಿಗೆ ಬೇಕಾದ ಶಕ್ತಿಗೆ ಕೊರತೆ ಇಲ್ಲ, ರುಚಿ ಮತ್ತು ಅಂಟು ಮಾತ್ರ ಕಡಿಮೆ. ಡಿಡಿಜಿಎಸ್ ಹಾಕಿ, ಅಗ್ಗ ಆಗುತ್ತೆ ಅಂತ ಕೆಲವರು ಹೇಳಿದರು. ಅದು ಮುಸುಕಿನ ಜೋಳ, ಅಕ್ಕಿಯಿಂದ ಎಥನಾಲ್ ತೆಗೆದ ಮೇಲೆ ಉಳಿಯುವ ಒಣ ಚರಟ. ಪ್ರೋಟೀನ್ ಚೆನ್ನಾಗಿದೆ, ಸುಳ್ಳಲ್ಲ. ಆದರೆ ಪಿಷ್ಟವೆಲ್ಲ ಹೋಗಿ ಮೂರನೇ ಒಂದು ಭಾಗದಷ್ಟೇ ಉಳಿಯುವುದರಿಂದ, ಕಾಳಿನಲ್ಲಿ ಬೂಷ್ಟಿನ ವಿಷ ಇದ್ದರೆ ಚರಟದಲ್ಲಿ ಅದು ಸುಮಾರು ಮೂರು ಪಟ್ಟಾಗುತ್ತದೆ. ಹಸುವಿನ ಹೊಟ್ಟೆಯಿಂದ ಹಾಲಿಗೂ ಬರುತ್ತದೆ. ಪ್ರತಿ ಲೋಡನ್ನೂ ಪರೀಕ್ಷೆ ಮಾಡಿಸುವ ಅನುಕೂಲ ಆಗುವವರೆಗೆ ನಾವದನ್ನು ಮುಟ್ಟುವುದಿಲ್ಲ.

ಸಭೆಯಲ್ಲಿ ಒಬ್ಬ ಹುಡುಗ, "ಫ್ರಾನ್ಸ್, ಜರ್ಮನಿಯಲ್ಲಿ ಬೀಟ್ ಗೆಡ್ಡೆಯಿಂದ ಸಕ್ಕರೆನೂ ಎಥನಾಲೂ ಮಾಡ್ತಾರಲ್ಲ, ಅಲ್ಲಿ ಹಸುಗೆ ಏನು?" ಅಂತ ಕೇಳಿದ. ಒಳ್ಳೇ ಪ್ರಶ್ನೆ. ಅದು ನಮ್ಮ ಕೆಂಪು ಬೀಟ್‌ರೂಟ್ ಅಲ್ಲ, ಬಿಳಿ ಗೆಡ್ಡೆ. ತೊಳೆದು, ಸಣ್ಣಗೆ ಹೆಚ್ಚಿ, ಬಿಸಿನೀರಲ್ಲಿ ಸಿಹಿ ಇಳಿಸುತ್ತಾರೆ. ಉಳಿದ ಚೂರನ್ನು ಹಿಂಡಿ ಒಣಗಿಸಿ ದನಕ್ಕೇ ಹಾಕುತ್ತಾರೆ. ನಮ್ಮ ಕಬ್ಬಿನ ಸಿಪ್ಪೆ ಬಾಯ್ಲರಿಗೆ ಹೋಗುತ್ತದೆ. ಕೊಟ್ಟಿಗೆ ಲೆಕ್ಕದಲ್ಲಿ ಅವರೇ ಜಾಣರು. 2018ರ ನೀತಿಯಲ್ಲಿ ಸಕ್ಕರೆ ಬೀಟ್ ಹೆಸರೂ ಇದೆ. ಆದರೆ ಅದನ್ನು ನಂಬಿ ಈಗ ಫೀಡ್ ಮಾಡೋಕಾಗಲ್ಲವಲ್ಲ.

ಹೊಸ ಫೀಡನ್ನು ಒಂದೇ ಸಲ ಹಾಕಬೇಡಿ. ಎಂಟು ಹತ್ತು ದಿನ ಹಳೆಯದರ ಜೊತೆ ಬೆರೆಸಿ, ದಿನಾ ಸ್ವಲ್ಪ ಹೊಸದನ್ನು ಜಾಸ್ತಿ ಮಾಡುತ್ತಾ ಬನ್ನಿ. ಹಾಕುವ ಮುಂಚೆ ನೀರು ಚಿಮುಕಿಸಿ ಕಲಸಿದರೆ ಪುಡಿ ಹಾರುವುದಿಲ್ಲ. ಮೊದಲ ಎರಡು ದಿನ ಆ ನೀರಿಗೆ ಒಂದು ಹಿಡಿ ಬೆಲ್ಲ ಕರಗಿಸಿದರೆ ಹಟಮಾರಿ ಹಸುಗಳೂ ಬಾಯಿ ಹಾಕುತ್ತವೆ. ಆ ಅಕ್ಕನ ಹಸು ಮೂರನೇ ದಿನ ಬಕೆಟ್ ನೆಕ್ಕಿತಂತೆ. ನೀರು ಹಾಕಿ ಕಲಸಿದ್ದನ್ನು ಮಾತ್ರ ರಾತ್ರಿಗೆ ಇಡಬೇಡಿ.

ಚೀಲದ ಬೆಲೆ ಬದಲಾಗಿಲ್ಲ. ಬಿಡಿ ಕಾಕಂಬಿ ಮಾರಾಟ ಸದ್ಯಕ್ಕೆ ನಿಲ್ಲಿಸಿದ್ದೇವೆ. ಕ್ಯಾನ್ ಬಿಟ್ಟು ಹೋದವರು ಬಂದು ತೆಗೆದುಕೊಂಡು ಹೋಗಿ, ಮೇಲೆ ಹೆಸರು ಬರೆದಿದೆ. ಹೊಸ ಫೀಡಿಗೆ ಹಾಲು ಇಳಿದರೆ ಎಷ್ಟು, ಯಾವ ದಿನದಿಂದ ಅಂತ ಬರೆದಿಟ್ಟುಕೊಂಡು ಬನ್ನಿ. ಆ ಚೀಲ ನಾವೇ ವಾಪಸ್ ಪಡೆಯುತ್ತೇವೆ.

ಇಂತಿ,
ಕಾರ್ಯದರ್ಶಿ