ನೀರು ಕೊಡದ ಮಾವನಿಗೆ

ನಿನ್ನೆ ಸಂಜೆ ಮೆಡಿಕಲ್ ಶಾಪಿನ ಮುಂದಿರುವ ತೂಕದ ಯಂತ್ರದ ಮೇಲೆ ಹತ್ತಿ ನಿಂತೆ. 56 ಕೆಜಿ. ಹೋದ ಆಷಾಢದಲ್ಲಿ 39 ಇದ್ದೆ. ಹೊಟ್ಟೆಯ ಮೇಲೆ ಅಂಟಿಸಿದ್ದ ಮಲದ ಬ್ಯಾಗ್ ತೆಗೆದು ಕರುಳನ್ನು ಮತ್ತೆ ಜೋಡಿಸಿ ನಿನ್ನೆಗೆ ಆರು ತಿಂಗಳು. ಇಷ್ಟು ದಿನ ಮುಂದೂಡುತ್ತ ಬಂದ ಬರಹವನ್ನು ಇವತ್ತು ಬರೆದೇ ಬಿಡೋಣ ಅಂತ ಕೂತಿದ್ದೇನೆ.

ಏನಾಯಿತು ಅನ್ನುವುದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಮೊದಲು ಕರುಳಿನ ಟಿಬಿ ಅಂತ ತಿಂಗಳುಗಟ್ಟಲೆ ಮಾತ್ರೆ ನುಂಗಿದ್ದು, ಆಮೇಲೆ ಅದು ಕ್ರೋನ್ಸ್ ಅನ್ನುವ ಕರುಳಿನ ಉರಿಯೂತದ ಕಾಯಿಲೆ ಅಂತ ತಿಳಿದದ್ದು (ನಮ್ಮ ದೇಶದಲ್ಲಿ ಈ ಎರಡು ಕಾಯಿಲೆಗಳೂ ಅವಳಿಗಳ ಹಾಗೆ, ಒಳಗೆ ಕ್ಯಾಮೆರಾ ಬಿಟ್ಟು ನೋಡಿದರೂ ಗುರುತು ಸಿಗುವುದು ಕಷ್ಟ), ಕರುಳು ತೂತಾಗಿ ರಾತ್ರೋರಾತ್ರಿ ಬೆಂಗಳೂರಿಗೆ ಓಡಿದ್ದು. ಅದನ್ನೆಲ್ಲ ಮತ್ತೆ ಕೆದಕುವುದಿಲ್ಲ.

ಆಪರೇಷನ್ ಮಾಡಿದ ಡಾಕ್ಟರಿಗೆ, ಬ್ಯಾಗ್ ಬದಲಿಸುವುದನ್ನು ಮುಖ ಸಿಂಡರಿಸದೆ ಕಲಿಸಿದ ಸಿಸ್ಟರಿಗೆ, ರಕ್ತ ಕೊಟ್ಟ ಹಳೇ ವಿದ್ಯಾರ್ಥಿಗಳಿಗೆ, ನನ್ನ ಇತಿಹಾಸದ ಪೀರಿಯಡ್‌ಗಳನ್ನು ಹಂಚಿಕೊಂಡು ಸಿಲೆಬಸ್ ಮುಗಿಸಿದ ಸಹೋದ್ಯೋಗಿಗಳಿಗೆ, ಕೇಳದೆಯೇ ದುಡ್ಡು ಹಾಕಿದವರಿಗೆ ಕೈ ಮುಗಿದೆ. ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಊರಿಗೂ ಆಸ್ಪತ್ರೆಗೂ ಓಡಾಡಿದ ಹೆಂಡತಿಗೆ ಇಲ್ಲಿ ಥ್ಯಾಂಕ್ಸ್ ಹೇಳಿದರೆ ಮನೆಯಲ್ಲಿ ಬೈಸಿಕೊಳ್ಳಬೇಕಾಗುತ್ತದೆ. ಅದಕ್ಕೇ ಹೇಳುವುದಿಲ್ಲ.

ಡಯಟಿಷಿಯನ್ ಮೇಡಂ ಬಗ್ಗೆ ಮಾತ್ರ ಎರಡು ಮಾತು ಜಾಸ್ತಿ ಬರೆಯಬೇಕು. ಆಸ್ಪತ್ರೆಯಲ್ಲಿ ಡಯಟಿಷಿಯನ್ ಅಂದರೆ ಇಡ್ಲಿನೋ ಗಂಜಿನೋ ಅಂತ ಕೇಳಿಕೊಂಡು ಹೋಗುವವರು ಅಂತ ತಿಳಿದಿದ್ದೆ. ಊಟದ ಬದಲು ಕೊಡುವ, ಹಾಲಿನಂಥ ಬಿಳಿ ದ್ರವ ತುಂಬಿದ ಚೀಲವನ್ನು ಕತ್ತಿನ ರಕ್ತನಾಳಕ್ಕೆ ಜೋಡಿಸಿದಾಗ, ಅದು ಎಷ್ಟು ನಿಧಾನವಾಗಿ ಇಳಿಯಬೇಕು ಅಂತ ಡಾಕ್ಟರ ಪಕ್ಕದಲ್ಲಿ ನಿಂತು ಲೆಕ್ಕ ಹಾಕಿದವರು ಇವರು. ತಿಂಗಳುಗಟ್ಟಲೆ ಸೊರಗಿದ ಮೈಗೆ ಮೊದಲ ದಿನವೇ ಹೊಟ್ಟೆ ತುಂಬ ಬಡಿಸಿದರೆ ರಕ್ತದಲ್ಲಿನ ಫಾಸ್ಫೇಟ್ ಸರ್ರನೆ ಇಳಿದು ಹೃದಯಕ್ಕೇ ಅಪಾಯವಂತೆ. ಅದಕ್ಕೆ ಮೊದಲು ಥಯಮಿನ್ ಅನ್ನುವ ಬಿ1 ವಿಟಮಿನ್, ಆಮೇಲೆ ಸ್ವಲ್ಪ ಸ್ವಲ್ಪ ಅನ್ನ. ಪಕ್ಕದಲ್ಲೇ ಇದ್ದ ನನ್ನ ಮಾವನಿಗೆ ಇದು ಅರಗಲೇ ಇಲ್ಲ. "ಹಸ್ದೋನಿಗೆ ಕಮ್ಮಿ ಬಡಿಸೋದಾ?" ಅಂತ ಮೇಡಂಗೇ ಕೇಳಿದ.

ಈಗ ಆ ಮಾವನ ವಿಷಯ.

ಅಮ್ಮನ ಕೊನೇ ತಮ್ಮ. ನನಗಿಂತ ಹನ್ನೊಂದೇ ವರ್ಷ ದೊಡ್ಡವನು, ಬಹುವಚನ ಹಚ್ಚಿದರೆ ತಿರುಗಿ ನೋಡುವುದಿಲ್ಲ. ತಿಪಟೂರು ಸುತ್ತಮುತ್ತ ಮದುವೆ ಅಡುಗೆ ಹಿಡಿಯುತ್ತಾನೆ. ಸಾವಿರ ಜನದ ಸಾರಿಗೆ ಉಪ್ಪನ್ನು ಅಂಗೈಯಲ್ಲೇ ಅಳೆದು ಹಾಕುವವನು, ರುಚಿ ಕೂಡ ನೋಡುವುದಿಲ್ಲ, ಹಬೆಯ ವಾಸನೆಯಲ್ಲೇ ಹೇಳುತ್ತಾನೆ. ಆಷಾಢದಲ್ಲಿ ಮದುವೆ ಇಲ್ಲ, ಸುಮ್ಮನೆ ಕೂತಿರೋದೇ ಅಲ್ವಾ ಅಂತ ಒಂದು ಪಂಚೆ, ಎರಡು ಷರ್ಟು ಹಿಡಿದುಕೊಂಡು ಬಂದ. ಶ್ರಾವಣ ಬಂದಾಗಲೂ ಎದ್ದು ಹೋಗಲಿಲ್ಲ. ಎರಡು ಮದುವೆಗಳನ್ನು ಬೇರೆಯವರಿಗೆ ಬಿಟ್ಟುಕೊಟ್ಟ ಅಂತ ನನಗೆ ಗೊತ್ತಾದದ್ದು ಈಚೆಗೆ, ಅತ್ತೆಯ ಬಾಯಿಂದ.

ಸಣ್ಣ ಕರುಳನ್ನು ಅರ್ಧಕ್ಕೇ ಹೊಟ್ಟೆಯ ಮೇಲೆ ತಂದು ಬಿಟ್ಟವರ ಕಷ್ಟ ನೀರಿನದು. ಬಾಯಲ್ಲಿ ಹೋದದ್ದೆಲ್ಲ ಬ್ಯಾಗಿಗೆ ಬರುತ್ತದೆ. ಬಾಯಾರಿಕೆ ಅಂತ ಇನ್ನಷ್ಟು ಕುಡಿದರೆ ಇನ್ನಷ್ಟು ಬರುತ್ತದೆ. ಮೇಡಂ ಮಾವನಿಗೆ ಹೇಳಿದ್ದು ಹೀಗೆ: ಉಪ್ಪು, ಸಕ್ಕರೆ ಜೋಡಿಯಾಗಿ ಬಂದರೆ ಕರುಳು ಬಾಗಿಲು ತೆಗೆಯುತ್ತದೆ, ಅವುಗಳ ಹಿಂದೆ ನೀರೂ ಒಳಗೆ ಹೋಗುತ್ತದೆ. ಬರಿ ನೀರು ಒಂಟಿಯಾಗಿ ಬಂದರೆ ಮನೆಯಲ್ಲಿದ್ದ ಉಪ್ಪನ್ನೂ ಕರೆದುಕೊಂಡು ಹೊರಟು ಹೋಗುತ್ತದೆ. ಹಾಗಾಗಿ ನೀರು, ಕಾಫಿ, ಟೀ ಎಲ್ಲ ಸೇರಿ ದಿನಕ್ಕೆ ಅರ್ಧ ಲೀಟರ್. ಉಳಿದದ್ದಕ್ಕೆ ಒಂದು ಲೀಟರ್ ನೀರಿನಲ್ಲಿ 20 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಲಂಡನ್ನಿನ ಸೇಂಟ್ ಮಾರ್ಕ್ಸ್ ಅನ್ನುವ ಕರುಳಿನ ಆಸ್ಪತ್ರೆಯ ಹೆಸರಿನಲ್ಲೇ ನಡೆಯುವ ಲೆಕ್ಕವಂತೆ. (ಇದು ನನ್ನಂಥವರಿಗೆ ಹೇಳಿದ್ದು. ಬೇದಿಯಾದವರು ಇದನ್ನು ಓದಿ ನೀರು ಬಿಟ್ಟುಬಿಡಬೇಡಿ ಮಾರಾಯ್ರೇ.)

ಮಾವ ಹೊರಗೆ ಹೋಗಿ ಬೆಳ್ಳಿ ಅಂಗಡಿಯವರು ಇಟ್ಟುಕೊಳ್ಳುವಂಥ ಪುಟ್ಟ ತಕ್ಕಡಿ ತಂದ. ಪೇಪರ್ ಚೂರಿನ ಮೇಲೆ ಉಪ್ಪು ಸುರಿದು, 3.6 ತೋರಿಸಿದರೆ ಉಗುರಿನ ತುದಿಯಲ್ಲಿ ನಾಲ್ಕು ಕಾಳು ತೆಗೆಯುತ್ತಿದ್ದ. ಫ್ಯಾನ್ ಗಾಳಿಗೆ ತಕ್ಕಡಿ ಅಲುಗಾಡುತ್ತದೆ ಅಂತ ಎಡಗೈ ಅಡ್ಡ ಹಿಡಿದಿರುತ್ತಿದ್ದ. ಮೊದಲ ಸಲ ಕಲಸಿ ತಾನೇ ಒಂದು ಗುಟುಕು ಕುಡಿದು, "ಇಷ್ಟು ಕೆಟ್ಟ ಪಾನಕ ನನ್ನ ಜನ್ಮದಲ್ಲಿ ಮಾಡಿಲ್ಲ" ಅಂದ.

ಒಂಬತ್ತನೇ ದಿನ ಮಧ್ಯಾಹ್ನ ಊರಿನವರು ನೋಡಲು ಬಂದರು, ಒಂದು ಮೂಟೆ ಎಳನೀರಿನ ಜೊತೆ. ಕೊಬ್ಬರಿಗೆ ಅಂತ ಬಿಟ್ಟ ಗೊನೆಯನ್ನು ಎಳನೀರಿಗೆ ಕೆಡವುವುದು ನಮ್ಮ ಕಡೆ ಸುಲಭದ ಪ್ರೀತಿಯಲ್ಲ. ಎಳನೀರಿನಲ್ಲಿ ಪೊಟ್ಯಾಸಿಯಂ ಬೇಕಾದಷ್ಟು, ಸೋಡಿಯಂ ಕಡಿಮೆ, ನನ್ನ ಪಾಲಿಗೆ ಅದು ಬರಿ ನೀರಿನ ಲೆಕ್ಕವೇ ಅಂತ ಅವರಿಗೆ ಹೇಗೆ ಗೊತ್ತಿರಬೇಕು? ನನಗೆ ಗೊತ್ತಿತ್ತು. ಮಾವ ಸ್ನಾನಕ್ಕೆ ಹೋದ ಹೊತ್ತು ನೋಡಿ ಎರಡು ಎಳನೀರು ಕುಡಿದೆ. ಅಷ್ಟು ಸುಖವಾಗಿ ಆ ವರ್ಷದಲ್ಲಿ ಏನನ್ನೂ ಕುಡಿದಿರಲಿಲ್ಲ.

ಸಂಜೆಯಿಂದ ಬ್ಯಾಗ್ ತುಂಬುವುದು ನಿಲ್ಲಲೇ ಇಲ್ಲ. ರಾತ್ರಿ ಹನ್ನೆರಡರ ಹೊತ್ತಿಗೆ ಆ ದಿನದ ಲೆಕ್ಕ 2,800 ಮಿಲಿ ದಾಟಿತ್ತು. ಡ್ಯೂಟಿ ಡಾಕ್ಟರು ಬಂದು ಸಲೈನ್ ಏರಿಸಿದರು, ರಕ್ತ ತೆಗೆದುಕೊಂಡು ಹೋದರು, ಬಾಯಿಗೆ ಬರಿ ನೀರು ಬೇಡವೇ ಬೇಡ ಅಂದರು. ಮೀನಖಂಡ ಹಗ್ಗ ಹೊಸೆದ ಹಾಗೆ ಹಿಡಿದುಕೊಳ್ಳುತ್ತಿತ್ತು. ನಾಲಿಗೆ ಅಂಗುಳಿಗೆ ಅಂಟಿತ್ತು. ಪಕ್ಕದ ಬೆಡ್ಡಿನವರ ಬಿಸ್ಲೇರಿ ಬಾಟಲಿಯನ್ನೇ ನೋಡುತ್ತಿದ್ದೆ. ಮಾವ ಎದ್ದು ಹೋಗಿ, ಅವರನ್ನು ಕೇಳಿ, ಅದನ್ನು ಪರದೆಯ ಆಚೆ ಇಟ್ಟು ಬಂದ.

ಮೊದಲು ಬೇಡಿಕೊಂಡೆ. ಒಂದೇ ಒಂದು ಗುಟುಕು ಮಾವ ಅಂದೆ. "ಕೊಡಲ್ಲ ಕಣೋ" ಅಂದ. ಹತ್ತಿಯನ್ನು ಒದ್ದೆ ಮಾಡಿ ತುಟಿಗೆ ಒತ್ತಿದ, ಚಮಚದಲ್ಲಿ ಆ ಕೆಟ್ಟ ಪಾನಕ ಹಿಡಿದ. ಉಗಿದೆ. ಅವನ ಷರ್ಟಿನ ಮೇಲೆ ಬಿತ್ತು. ಆಮೇಲೆ ಅಂದೆ, ಇಡೀ ವಾರ್ಡಿಗೆ ಕೇಳುವ ಹಾಗೆ: "ನಿಂಗೆ ಮಕ್ಳಿದ್ದಿದ್ರೆ ಗೊತ್ತಾಗ್ತಿತ್ತು."

ಮಾವ-ಅತ್ತೆಗೆ ಮಕ್ಕಳಿಲ್ಲ. ಅದಕ್ಕಾಗಿ ಅವರು ಎಷ್ಟು ದೇವಸ್ಥಾನದ ಮೆಟ್ಟಿಲು ಹತ್ತಿದರು ಅನ್ನುವುದನ್ನು ನಾನು ಚಿಕ್ಕವನಿದ್ದಾಗ ಅವರ ಜೊತೆಯಲ್ಲೇ ಹೋಗಿ ನೋಡಿದ್ದೇನೆ. ಪ್ರಸಾದದ ಲಾಡು ನನಗೇ ಸಿಗುತ್ತಿತ್ತು.

ಅವನು ಏನೂ ಅನ್ನಲಿಲ್ಲ. ಷರ್ಟು ಒರೆಸಿಕೊಂಡ. ಹೊಸ ಹತ್ತಿ ತೆಗೆದುಕೊಂಡ. ಚಮಚ ಮತ್ತೆ ತಂದ. ಅವತ್ತು ಬೆಳಗಿನ ಜಾವದವರೆಗೆ ಅವನು ಚಮಚ ಚಮಚವಾಗಿ ಕುಡಿಸಿದ್ದು ಎಷ್ಟು ಸಲ ಅಂತ ನನಗೆ ಲೆಕ್ಕವಿಲ್ಲ. ಲೆಕ್ಕ ಅವನ ಹತ್ತಿರ ಇತ್ತು.

ಆಮೇಲೆ ದಿನ ಕಳೆದ ಹಾಗೆ ಬ್ಯಾಗಿಗೆ ಬರುವುದು ಗಟ್ಟಿಯಾಯಿತು. ಬಿಳಿ ಅನ್ನ, ಬೇಳೆಕಟ್ಟು, ಸಬ್ಬಕ್ಕಿ ಗಂಜಿ, ಮಾಗಿದ ಬಾಳೆಹಣ್ಣು. ರಾಗಿ ಕೊಡಿ, ಸೊಪ್ಪು ಕೊಡಿ ಅಂತ ಫೋನಿನಲ್ಲಿ ಹೇಳಿದವರಿಗೆಲ್ಲ ಮಾವನೇ ಉತ್ತರ ಕೊಟ್ಟ, ನಾರು ಇವನಿಗೆ ಈಗ ಆಗಲ್ಲ ಅಂತ, ತಾನೇ ಓದಿ ಪಾಸಾದವನ ಹಾಗೆ. ಈಗ ರಾಗಿಮುದ್ದೆ ಮತ್ತೆ ಶುರುವಾಗಿದೆ. ಸಣ್ಣ ಕರುಳಿನ ಕೊನೆಯ ತುಂಡು ಹೋದದ್ದರಿಂದ ಬಿ12 ಇಂಜೆಕ್ಷನ್ ಮಾತ್ರ ಇನ್ನು ಜೀವಮಾನಕ್ಕೆ.

ಆ ಉಪ್ಪು-ಸಕ್ಕರೆ ನೀರಿನ ಹಿಂದೆ ಬಿದ್ದು ಓದುವಾಗ ಡಾ. ದಿಲೀಪ್ ಮಹಲನಾಬಿಸ್ ಸಿಕ್ಕಿದರು. 1971ರಲ್ಲಿ ಪಶ್ಚಿಮ ಬಂಗಾಳದ ಬಂಗಾವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ. ಸಲೈನ್ ಮುಗಿಯುತ್ತ ಬಂದಾಗ ಅವರು ಉಪ್ಪು, ಗ್ಲೂಕೋಸ್, ಸೋಡಾ ಕಲಸಿ ಡ್ರಮ್ಮುಗಳಲ್ಲಿ ತುಂಬಿಟ್ಟರು. ಕುಡಿಸಿದ್ದು ಹೆಚ್ಚಾಗಿ ರೋಗಿಗಳ ಮನೆಯವರೇ. ಬಾಂಗ್ಲಾ ಯುದ್ಧವನ್ನು ಇಷ್ಟು ವರ್ಷ ಪಾಠ ಮಾಡಿದ್ದೇನೆ. ನಮ್ಮ ಪುಸ್ತಕದಲ್ಲಿ ಸೇನಾಪತಿಗಳಿದ್ದಾರೆ, ಒಪ್ಪಂದಗಳಿವೆ. ಚಮಚ ಹಿಡಿದು ಕೂತವರಿಲ್ಲ. ಈ ವರ್ಷದಿಂದ ಆ ಪಾಠದಲ್ಲಿ ಹತ್ತು ನಿಮಿಷ ಅವರಿಗೆ.

ಮನೆಗೆ ಬಂದ ಮೇಲೆ ಒಂದು ದಿನ ಧೈರ್ಯ ಮಾಡಿ ಕ್ಷಮೆ ಕೇಳಿದೆ. ಮಾವ ಬೂದುಗುಂಬಳ ಹೆಚ್ಚುತ್ತಿದ್ದ. "ಯಾವಾಗ ಅಂದೆ? ನಂಗೆ ನೆನಪಿಲ್ಲಪ್ಪ" ಅಂದ.

ಹೋದ ವಾರ ಅವನ ಮನೆಯಲ್ಲಿ ಆ ನೋಟ್‌ಬುಕ್ ಸಿಕ್ಕಿತು. ದಿನಸಿ ಲೆಕ್ಕ ಬರೆಯುವಂಥದ್ದೇ, ಉದ್ದನೆಯದು. ಒಳಗೆ, ಹೊರಗೆ ಅಂತ ಎರಡು ಗೀಟು ಎಳೆದು ಆಸ್ಪತ್ರೆಯ ಪ್ರತಿ ಗಂಟೆಯನ್ನೂ ಬರೆದಿದ್ದಾನೆ. ಒಂಬತ್ತನೇ ದಿನದ ಪುಟ ತೆಗೆದೆ. "ರಾತ್ರಿ 2.40. ಹೊರಗೆ 350. ಬೈದ. ಒಳಗೆ 2 ಚಮಚ." ಅದರ ಕೆಳಗೆ, "2.50. ಒಳಗೆ 2 ಚಮಚ." "3.00. ಒಳಗೆ 3 ಚಮಚ, ಉಗಿಯಲಿಲ್ಲ."

ಪುಟ ತಿರುಗಿಸಿದರೆ ಹಿಂಬದಿಯಲ್ಲಿ ಈ ಶ್ರಾವಣದ ಯಾವುದೋ ಮದುವೆಯ ಪಟ್ಟಿ ಶುರುವಾಗಿದೆ. ತೊಗರಿಬೇಳೆ 40 ಕೆಜಿ, ಬೆಲ್ಲ 25 ಕೆಜಿ, ಹುಣಸೆಹಣ್ಣು 6 ಕೆಜಿ. ಕೊನೆಯಲ್ಲಿ ಉಪ್ಪು ಅಂತ ಬರೆದು, ಮುಂದೆ ಬರೆದಿದ್ದಾನೆ: ಬೇಕಾದಷ್ಟು.