ಬೇಲಿಯೊಳಗಿನ ತೋಳವನ್ನು ಬೇಲಿಯೊಳಗಿನದು ಎಂದೇ ಬರೆಯಿರಿ

ಮಾನ್ಯ ಸಂಪಾದಕರೇ,

ಈಚಿನ ಭಾನುವಾರದ ಪುರವಣಿಯಲ್ಲಿ ನೀವು ಅರ್ಧ ಪುಟ ಕೊಟ್ಟು ಹಾಕಿದ ತೋಳದ ಚಿತ್ರದ ಬಗ್ಗೆ ಈ ಪತ್ರ. ಮಗಳ ಮನೆಗೆಂದು ಬಂದು ಸದ್ಯ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇನೆ. ಇಲ್ಲೂ ನಿಮ್ಮ ಇ-ಪೇಪರ್ ತಿರುವಿ ಹಾಕದೆ ನನಗೆ ಬೆಳಗಿನ ಚಹಾ ಇಳಿಯುವುದಿಲ್ಲ. ಆ ಚಿತ್ರದಲ್ಲಿ ಕೆಂಪು ಮೇಪಲ್ ಎಲೆಗಳ ಹಾಸಿನ ಮೇಲೆ ಹಾಲುಬಿಳುಪಿನ ತೋಳವೊಂದು ನಮ್ಮತ್ತ ಮುಖ ಮಾಡಿ ನಿಂತಿದೆ. ಕೆಳಗೆ ‘ಅಮೆರಿಕದ ಕಾಡಿನಲ್ಲಿ ಶರತ್ಕಾಲದ ಬೇಟೆಗೆ ಹೊರಟ ತೋಳ’ ಎಂದು ಬರೆದಿದ್ದೀರಿ. ಚಿತ್ರ ಚೆಂದ ಇದೆ, ಅದರಲ್ಲಿ ಎರಡು ಮಾತಿಲ್ಲ. ಅಡಿಬರಹ ಮಾತ್ರ ನಿಜವಲ್ಲ.

ಅಲ್ಲಿ ಕೂತು ನಿನಗೆ ಹೇಗೆ ಗೊತ್ತಾಯಿತಮ್ಮ ಎಂದು ಕೇಳಬಹುದು. ವರ್ಷಗಟ್ಟಲೆ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿದವಳು ನಾನು. ಅಷ್ಟು ಅಚ್ಚ ಬಿಳಿ ಮೈ, ಸಣ್ಣ ಕಿವಿ, ಮೊಂಡು ಮೂತಿ ಇದ್ದರೆ ಅದು ಆರ್ಕ್ಟಿಕ್ ತೋಳ. ಅದರ ತವರು ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್‌ನಂಥ ದ್ವೀಪಗಳು. ಅಲ್ಲಿ ಮೇಪಲ್ ಹೋಗಲಿ, ಆಳೆತ್ತರದ ಒಂದು ಮರವೂ ಇಲ್ಲ. ಅಮೆರಿಕದ ಪಶ್ಚಿಮದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲೂ ಬಿಳಿ ತೋಳಗಳಿವೆಯಲ್ಲ ಎಂದು ಯಾರಾದರೂ ವಾದಿಸಿಯಾರು. ಇವೆ. ಆದರೆ ಯೆಲ್ಲೋಸ್ಟೋನಿನ ಶರತ್ಕಾಲ ಅಂದರೆ ಆಸ್ಪೆನ್ ಮರಗಳ ಹಳದಿ, ಅಲ್ಲಿ ಕಾಲಡಿಗೆ ಇಂಥ ಕೆಂಪು ಮೇಪಲ್ ಹಾಸು ಸಿಗುವುದಿಲ್ಲ. ಇನ್ನೊಂದು ಗುರುತು ಚಿತ್ರದ ಎಡ ಅಂಚಿನಲ್ಲೇ ಇದೆ. ಹುಲ್ಲು ಸವೆದು ಮಣ್ಣು ಎದ್ದ ಒಂದು ಜಾಡು, ದಾರ ಹಿಡಿದು ಗೆರೆ ಎಳೆದಷ್ಟು ನೆಟ್ಟಗೆ ಹೋಗಿದೆ. ಕಾಡಿನ ಜಾಡು ಕಲ್ಲು ಬಳಸಿ, ಪೊದೆ ಬಳಸಿ ಹೋಗುತ್ತದೆ. ಹೀಗೆ ನೆಟ್ಟಗೆ ಹೋಗುವುದು ಬೇಲಿಯ ಗುಂಟ ದಿನವಿಡೀ ಅಡ್ಡಾಡುವ ಪ್ರಾಣಿ ತುಳಿದ ಜಾಡು. ತೋಳದ ಕಣ್ಣು ಲೆನ್ಸಿನತ್ತ ಇಲ್ಲ, ಅದಕ್ಕಿಂತ ಒಂದು ಗೇಣು ಮೇಲಿದೆ. ಛಾಯಾಗ್ರಾಹಕರ ಹಿಂದೆ ಯಾರೋ ಮಾಂಸದ ಬಕೆಟ್ ಹಿಡಿದು ನಿಂತಿದ್ದರು ಎಂಬುದು ನನ್ನ ಗುಮಾನಿ.

ಹಾಗೆಂದು ಬೇಲಿಯೊಳಗಿನ ತೋಳದ ಫೋಟೋ ತೆಗೆಯುವುದೇ ತಪ್ಪು ಎನ್ನುವ ಗುಂಪಿನವಳಲ್ಲ ನಾನು. ದಸರೆಯ ಗೊಂಬೆ ಎತ್ತಿಟ್ಟ ಮೇಲೆ ಬರುವ ವಾರಾಂತ್ಯಕ್ಕೆ ನಾನೇ ಅಂಥದೊಂದು ತಿರುಗಾಟ ಹಾಕಿಕೊಂಡಿದ್ದೇನೆ. ಈ ರಾಜ್ಯದ ವಾಯವ್ಯ ಮೂಲೆಯಲ್ಲಿ, ಡೆಲವೇರ್ ನದಿ ಕಿಟಾಟಿನ್ನಿ ಬೆಟ್ಟಸಾಲನ್ನು ಸೀಳಿಕೊಂಡು ಹೋಗುವ ಕಡೆ ಕೊಲಂಬಿಯಾ ಎಂಬ ಊರಿದೆ. ಅಲ್ಲಿನ ಲಕೋಟಾ ವುಲ್ಫ್ ಪ್ರಿಸರ್ವ್‌ನಲ್ಲಿ ಆರ್ಕ್ಟಿಕ್, ಟಂಡ್ರಾ, ಟಿಂಬರ್ ತೋಳಗಳನ್ನು ದೊಡ್ಡ ಆವರಣಗಳಲ್ಲಿ ಇಟ್ಟು ಸಾಕುತ್ತಾರೆ. ಸಾರ್ವಜನಿಕರಿಗೆ ಮಾರ್ಗದರ್ಶಕರ ಜೊತೆ ಸುತ್ತಾಟ, ಫೋಟೋ ತೆಗೆಯುವವರಿಗೆ ಮೊದಲೇ ಕಾಯ್ದಿರಿಸಿದರೆ ಬೇರೆ ಸಮಯ. ಮಗಳು ಕಾಯ್ದಿರಿಸಿದ್ದಾಳೆ. ನನ್ನ ಅಳಿಯನಿಗೆ ಇದು ತಮಾಷೆ: ‘ಅತ್ತೆ, ಕೊಪ್ಪಳದ ಗುಡ್ಡದಾಗ ಪುಕ್ಕಟೆ ಕಾಣೋ ತೋಳಕ್ಕ ಇಲ್ಲಿ ಡಾಲರ್ ಕೊಡ್ತೀರಿ?’ ಪುಕ್ಕಟೆ ಕಾಣುತ್ತದೆ ನಿಜ, ಕುರಿಗಾರರಿಗೆ. ನನಗೆ ಅಲ್ಲಿ ಕಂಡದ್ದು ಹೆಚ್ಚಾಗಿ ಅದರ ಬೆನ್ನು.

ನಿಮ್ಮ ಓದುಗರ ಪೈಕಿ ಮಕ್ಕಳು ಈ ಕಡೆ ಇರುವವರು ಬಹಳ. ಅವರಿಗೆ ಉಪಯೋಗವಾದೀತೆಂದು ಲೆಕ್ಕಾಚಾರವನ್ನೂ ಬರೆಯುತ್ತೇನೆ. ಇಲ್ಲಿನವರು ‘ಫಾಲ್ ಕಲರ್ಸ್’ ಎಂದು ಹಂಬಲಿಸುವ ಬಣ್ಣ ಎಲ್ಲ ಕಡೆ ಒಂದೇ ದಿನ ಬರುವುದಿಲ್ಲ. ರಾಜ್ಯದ ಉತ್ತರದ ಎತ್ತರದ ಜಾಗಗಳಲ್ಲಿ ಅಕ್ಟೋಬರ್ ನಡುವಿಗೆ ಏರಿ, ಕೆಳಗಿಳಿಯುತ್ತ ಇಳಿಯುತ್ತ ಸಮುದ್ರದ ಕಡೆ ನವೆಂಬರ್ ಮೊದಲ ವಾರದವರೆಗೂ ನಡೆಯುತ್ತದೆ. ಹಗಲು ಚೊಕ್ಕ ಬಿಸಿಲು, ರಾತ್ರಿ ಹಿಮ ಬೀಳದಷ್ಟು ಚಳಿ, ಇವೆರಡೂ ಒಟ್ಟಾದ ವರ್ಷ ಕೆಂಪು ಜೋರು. ಹಳದಿ ಬಣ್ಣ ಎಲೆಯೊಳಗೆ ಮೊದಲಿಂದಲೂ ಇರುತ್ತದೆ, ಪತ್ರಹರಿತ್ತು ಕರಗಿದ ಮೇಲೆ ಹೊರಗೆ ಕಾಣುತ್ತದೆ. ಕೆಂಪು ಹಾಗಲ್ಲ. ಎಲೆಯಲ್ಲಿ ಸಿಕ್ಕಿಕೊಂಡ ಸಕ್ಕರೆಯಿಂದ ಮರ ಆಂಥೊಸಯನಿನ್ ಎಂಬ ವರ್ಣಕವನ್ನು ಆಗ ಹೊಸದಾಗಿ ತಯಾರಿಸುತ್ತದೆ. ಉದುರಿ ಹೋಗುವ ಎಲೆಗೆ ಮರ ಯಾಕೆ ಇಷ್ಟು ಖರ್ಚು ಮಾಡುತ್ತದೆ ಎಂಬುದರ ಮೇಲೆ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ. ನನ್ನ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಇಂಥದ್ದು ಬರುತ್ತದೆಯೇ ಎಂದು ಕೇಳುತ್ತಿದ್ದರು, ಬರುವುದಿಲ್ಲ ಎಂದ ಕೂಡಲೇ ಪುಸ್ತಕ ಮುಚ್ಚುತ್ತಿದ್ದರು.

ತೋಳಕ್ಕೂ ಅಕ್ಟೋಬರ್ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಉದುರಿ ಚಿಂದಿಚಿಂದಿಯಾಗಿದ್ದ ಕೂದಲು ಹೋಗಿ ಚಳಿಗಾಲದ ದಪ್ಪ ಕೂದಲು ಬಂದಿರುತ್ತದೆ, ಕುತ್ತಿಗೆಯ ಸುತ್ತ ಕಂಬಳಿ ಹೊದ್ದಂತೆ ತುಂಬಿಕೊಳ್ಳುತ್ತದೆ. ಮೋಡ ಕವಿದ ದಿನ ಸಿಕ್ಕರೆ ಇನ್ನೂ ಲೇಸು. ಬಿಸಿಲಿನಲ್ಲಿ ಬಿಳಿ ತೋಳದ ಬೆನ್ನು ಬೆಳಕು ಹೆಚ್ಚಾಗಿ ಚಿತ್ರದಲ್ಲಿ ಸುಣ್ಣದ ಕಲೆಯಾಗುತ್ತದೆ, ಎಲೆಗಳೂ ಮಿರುಗಿ ಬಣ್ಣ ಕಳೆದುಕೊಳ್ಳುತ್ತವೆ. ತಂತಿ ಬೇಲಿಯ ತಾಪತ್ರಯಕ್ಕೆ ಉಪಾಯ ಸರಳ: ಅಲ್ಲಿನವರು ಬಿಡುವಷ್ಟು ಹತ್ತಿರ ಹೋಗಿ, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಂಡಿ) ಪೂರ್ತಿ ತೆರೆದು, ತೋಳ ಬೇಲಿಯಿಂದ ದೂರ ಸರಿಯುವವರೆಗೆ ಕಾಯಬೇಕು. ಬಿಸಿಲು ಬಿದ್ದು ಹೊಳೆಯುವ ತಂತಿ ಬಿಟ್ಟು ನೆರಳಿನಲ್ಲಿರುವ ತಂತಿಯ ಕಡೆ ನಿಂತರೆ ಅದು ಚಿತ್ರದಲ್ಲಿ ಕರಗಿಯೇ ಹೋಗುತ್ತದೆ. ಕೆಂಪು ಎಲೆಯ ಹಿನ್ನೆಲೆ ಬೇಕೆನ್ನುವವರು ಇಂಥ ಕಡೆ ಹಟ ಮಾಡಬಾರದು. ತೋಳ ಎಲ್ಲಿ ನಿಲ್ಲಬೇಕೆಂಬುದು ತೋಳದ ಇಷ್ಟ.

ಎಡಿಸನ್ನಿನಿಂದ ಕಾರಿನಲ್ಲಿ ಒಂದೂವರೆ ತಾಸಿನ ದಾರಿ. ಬುತ್ತಿಗೆ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಶನಿವಾರ ಬೆಳಗ್ಗೆ ತೋಳ, ಮಧ್ಯಾಹ್ನದಿಂದ ನದಿಯ ಗುಂಟ ಹೋಗುವ ಓಲ್ಡ್ ಮೈನ್ ರೋಡ್ ಮತ್ತು ಅದರ ಮೇಲೇ ಇರುವ ಮಿಲ್‌ಬ್ರೂಕ್ ಎಂಬ ಹಳೆಯ ಕಾಲದ ಹಳ್ಳಿ. ಈ ರಸ್ತೆಯ ಕೆಲವು ಭಾಗ ದುರಸ್ತಿಗೆಂದು ಆಗಾಗ ಮುಚ್ಚಿರುತ್ತದೆ, ರಾಷ್ಟ್ರೀಯ ಉದ್ಯಾನ ಸೇವೆಯ ಸೂಚನೆ ನೋಡಿಕೊಂಡೇ ಹೊರಡಬೇಕು. ಭಾನುವಾರ ಮಗಳು, ಅಳಿಯ ಮೌಂಟ್ ಟ್ಯಾಮನಿ ಹತ್ತುತ್ತಾರಂತೆ. ಸಾವಿರದ ಐನೂರು ಅಡಿ ಎತ್ತರದ ಬೆಟ್ಟ, ರೆಡ್ ಡಾಟ್ ಎಂಬ ಕಡಿದಾದ ದಾರಿ. ನನ್ನ ಮೊಣಕಾಲು ಅದಕ್ಕೆ ಒಪ್ಪುವುದಿಲ್ಲ. ಕೆಳಗೆ ನದಿ ದಂಡೆಯಲ್ಲಿ ಕೂತು ಎದುರಿನ ಪೆನ್ಸಿಲ್ವೇನಿಯಾ ಕಡೆಯ ಬೆಟ್ಟದ ಬಣ್ಣವನ್ನೂ, ಶರತ್ಕಾಲದಲ್ಲಿ ಈ ಬೆಟ್ಟಸಾಲನ್ನೇ ಹಿಡಿದು ದಕ್ಷಿಣಕ್ಕೆ ವಲಸೆ ಹೋಗುವ ಗಿಡುಗಗಳನ್ನೂ ನೋಡುತ್ತೇನೆ.

ಈ ಇಡೀ ಸೀಮೆಯಲ್ಲಿ ಕರಡಿ ಇದೆ, ತೋಳದ ಸಣ್ಣ ದಾಯಾದಿಯಾದ ಕಯೋಟಿ ಇದೆ. ತೋಳ ಮಾತ್ರ ಇಲ್ಲ. ನೂರು ವರ್ಷಕ್ಕೂ ಹಿಂದೆಯೇ ಬಲೆ, ವಿಷ, ಬಂದೂಕು, ತಲೆಗಿಷ್ಟು ಎಂದು ಇನಾಮು ಎಲ್ಲ ಸೇರಿ ಅದನ್ನು ಒರೆಸಿ ಹಾಕಿದವು. ಯೆಲ್ಲೋಸ್ಟೋನ್‌ನಲ್ಲಿ ಇಂದು ಕಾಣುವ ತೋಳಗಳು 1995 ಮತ್ತು 1996ರಲ್ಲಿ ಕೆನಡಾದಿಂದ ತಂದು ಬಿಟ್ಟ 31 ತೋಳಗಳ ದೆಸೆಯಿಂದ ಬಂದವು. ಅಲ್ಲಿ ತೋಳದಿಂದ 100 ಗಜ ದೂರದಲ್ಲೇ ಇರಬೇಕೆಂಬುದು ನಿಯಮ. ಅಷ್ಟು ದೂರದಿಂದ ತೋಳದ ರೆಪ್ಪೆ ಎಣಿಸುವಂಥ ಚಿತ್ರ ಬರುವುದು ಬಲು ಅಪರೂಪ. ಇದನ್ನು ಬಲ್ಲವರು ನಿಮ್ಮ ಪುರವಣಿಯ ಚಿತ್ರದ ಬೇಲಿಯನ್ನು ಬೇಲಿ ಕಾಣದೆಯೂ ಗುರುತಿಸುತ್ತಾರೆ. ಅರಿಯದವರು ಕಾಡು ಹೀಗೇ ಇರುತ್ತದೆ ಎಂದು ನಂಬುತ್ತಾರೆ.

ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಮತ್ತು ಬಿಬಿಸಿ ವೈಲ್ಡ್‌ಲೈಫ್ ಪತ್ರಿಕೆ ಸೇರಿ ನಡೆಸುತ್ತಿದ್ದ ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಯಲ್ಲಿ 2009ರ ದೊಡ್ಡ ಬಹುಮಾನ ಸ್ಪೇನಿನ ಹೋಸೆ ಲೂಯಿಸ್ ರೋಡ್ರಿಗೆಸ್ ಅವರ ತೋಳದ ಚಿತ್ರಕ್ಕೆ ಸಿಕ್ಕಿತ್ತು. ರಾತ್ರಿಯ ಕತ್ತಲಲ್ಲಿ ಗೇಟು ಹಾರುತ್ತಿರುವ ತೋಳ. ಕಾಡು ತೋಳವಾದರೆ ಗೇಟಿನ ಸಂದಿಯಲ್ಲಿ ನುಸುಳುತ್ತಿತ್ತು, ಹಾರುವ ಪ್ರಮೇಯವೇನಿತ್ತು ಎಂಬ ಪ್ರಶ್ನೆ ಎದ್ದಿತು. ಮ್ಯಾಡ್ರಿಡ್ ಬಳಿಯ ಪ್ರಾಣಿ ಉದ್ಯಾನವೊಂದರ ಪಳಗಿದ ತೋಳಕ್ಕೂ ಇದಕ್ಕೂ ಗುರುತು ತಾಳೆಯಾಗುತ್ತದೆ ಎಂದು ತಜ್ಞರು ಹೇಳಿದ ಮೇಲೆ 2010ರ ಜನವರಿಯಲ್ಲಿ ಬಹುಮಾನ ವಾಪಸಾಯಿತು. ರೋಡ್ರಿಗೆಸ್ ಕಡೆಯವರೆಗೂ ಆರೋಪ ಒಪ್ಪಲಿಲ್ಲ, ಅದನ್ನೂ ಹೇಳಬೇಕು. ನಮ್ಮಲ್ಲಿ ‘ಸಲೂನ್’ ಎಂಬ ಛಾಯಾಚಿತ್ರ ಸ್ಪರ್ಧೆಗಳಿಗೆ ಚಿತ್ರ ಕಳಿಸುವವರಿಗೆ ಈ ನಿಯಮ ಬಾಯಿಪಾಠ: ಛಾಯಾಗ್ರಾಹಕರ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಯಾಪ್ ಒಪ್ಪಿದ ವ್ಯಾಖ್ಯೆಯ ಪ್ರಕಾರ ಮೃಗಾಲಯದ, ಸಾಕಣೆಯ ಪ್ರಾಣಿ ವನ್ಯಜೀವಿ ವಿಭಾಗಕ್ಕೆ ಸಲ್ಲದು. ಎಂ.ವೈ. ಘೋರ್ಪಡೆ, ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರು ವನ್ಯಜೀವಿ ಛಾಯಾಗ್ರಹಣ ಬೆಳೆಸಿದ ನಾಡಿನಲ್ಲಿ ಸ್ಪರ್ಧೆಗಿರುವ ಶಿಸ್ತು ಪತ್ರಿಕೆಯ ಪುಟಕ್ಕೆ ಯಾಕಿಲ್ಲ?

ಅಷ್ಟಕ್ಕೂ ಒಂದು ಅಡಿಬರಹಕ್ಕೆ ಇಷ್ಟು ಉದ್ದದ ಪತ್ರ ಬೇಕೇ ಎನ್ನಬೇಡಿ. ನನ್ನ ಸಂಕಟ ಅಮೆರಿಕದ ತೋಳದ್ದಲ್ಲ, ಗಂಗಾವತಿಯದ್ದು. ನಮ್ಮ ತಾಲೂಕಿನ ಬಂಕಾಪುರದ ಸುಮಾರು 332 ಎಕರೆ ಈಗ ತೋಳಧಾಮ. ಅಲ್ಲಿ ತೋಳವೊಂದು ಎಂಟು ಮರಿ ಹಾಕಿತೆಂಬ ಸುದ್ದಿ 2025ರಲ್ಲಿ ಪತ್ರಿಕೆಗಳಲ್ಲಿ ಬಂದಾಗ ಊರಿಗೆ ಊರೇ ಹಿಗ್ಗಿತು. 1974ರಲ್ಲೇ ಮೇಲುಕೋಟೆಯ ಕಾಡನ್ನು ತೋಳಕ್ಕೆಂದು ಅಭಯಾರಣ್ಯ ಮಾಡಿದ ರಾಜ್ಯ ನಮ್ಮದು. ಆದರೆ ನಮ್ಮ ತೋಳ ಈ ಆರ್ಕ್ಟಿಕ್ ತೋಳದಂತೆ ತುಂಬು ಮೈಯದ್ದಲ್ಲ. ಇಪ್ಪತ್ತು ಕಿಲೋ ಆಚೀಚೆ ತೂಗುವ, ಒಣಹುಲ್ಲಿನ ಬಣ್ಣದ, ಕಾಲು ಉದ್ದದ ಸಣಕಲು ಪ್ರಾಣಿ. ಬಟಾಬಯಲಲ್ಲಿ ಬದುಕುತ್ತದೆ, ಕುರಿ ಹಟ್ಟಿಯ ಪಕ್ಕವೇ ಸುಳಿಯುತ್ತದೆ, ಮನುಷ್ಯ ಕಂಡರೆ ಮೈಯನ್ನೆಲ್ಲ ನೆಲಕ್ಕೆ ಒತ್ತಿ ಸರಿದು ಹೋಗುತ್ತದೆ. ಚಳಿಗಾಲದಲ್ಲಿ ಮರಿ ಹಾಕುವಾಗಂತೂ ಗವಿಯ ಹತ್ತಿರ ಗದ್ದಲವಾದರೆ ತಾಯಿ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಬೇರೆ ಗವಿ ಹುಡುಕಿ ಹೋಗುತ್ತದೆ. ದಾರಿಯಲ್ಲಿ ನಾಯಿಗಳಿವೆ, ರಸ್ತೆಯಿದೆ.

ಪುರವಣಿಯ ಅರ್ಧ ಪುಟ ತುಂಬಿದ ತೋಳದ ಮುಖ ನೋಡಿದ ಹುಡುಗರಿಗೆ ಇಲ್ಲಿಯೂ ಅಂಥದ್ದೇ ಬೇಕು. ಜೀಪು, ಬೈಕು ಹುಲ್ಲುಗಾವಲಿಗೆ ಇಳಿಸಿ ತೋಳ ಬೆನ್ನಟ್ಟಿ ತೆಗೆದ ಚಿತ್ರಗಳನ್ನು ಮೊಬೈಲಿನಲ್ಲಿ ಹೆಮ್ಮೆಯಿಂದ ತೋರಿಸಿದವರನ್ನು ನಾನು ಕಂಡಿದ್ದೇನೆ. ನಾಲಿಗೆ ಹೊರಗೆ ಬಿದ್ದ, ಕಿವಿ ಹಿಂದಕ್ಕೆ ಮಡಿಚಿದ ತೋಳ ಅದರಲ್ಲಿ. ವನ್ಯಜೀವಿ ಸಂರಕ್ಷಣಾ ಕಾನೂನಿನ ಮೊದಲ ಅನುಸೂಚಿಯಲ್ಲಿರುವ, ಅಂದರೆ ಅತಿ ಹೆಚ್ಚು ರಕ್ಷಣೆಯ ಪ್ರಾಣಿ ಇದು ಎಂದರೆ ‘ಮೇಡಂ, ಆ ಫೋಟೋದಾಗ ಅಷ್ಟು ಹತ್ತಿರ ಹೋಗ್ಯಾರಲ್ಲ’ ಎಂದು ನಿಮ್ಮಂಥ ಪತ್ರಿಕೆಯ ಪುಟವನ್ನೇ ಸಾಕ್ಷಿಗೆ ಕರೆಯುತ್ತಾರೆ. ಆ ಫೋಟೋದಲ್ಲಿ ಬೇಲಿ ಇತ್ತಪ್ಪ, ರೊಕ್ಕ ಕೊಟ್ಟು ಒಳಗೆ ಹೋಗಿದ್ದರಪ್ಪ ಎಂದು ಹೇಳುವ ಕೆಲಸ ನನ್ನದಾಗಬಾರದು. ಅದನ್ನು ಚಿತ್ರದ ಕೆಳಗೆ ನೀವೇ ಹೇಳಬೇಕು.

ಕೇಳುತ್ತಿರುವುದು ದೊಡ್ಡದೇನಲ್ಲ. ಚಿತ್ರ ಕಳಿಸಿದವರಿಗೆ ಎಲ್ಲಿ ತೆಗೆದದ್ದು, ಪ್ರಾಣಿ ಬೇಲಿಯೊಳಗಿತ್ತೇ, ಆಹಾರ ತೋರಿಸಿ ಕರೆದದ್ದೇ ಎಂದು ಒಂದು ಫೋನ್ ಮಾಡಿ ಕೇಳಿ, ಉತ್ತರವನ್ನು ಅಡಿಬರಹದಲ್ಲಿ ಅಚ್ಚು ಹಾಕಿ. ಏಜೆನ್ಸಿಯಿಂದ ಕೊಂಡ ಚಿತ್ರವಾದರೆ ಅದರ ಜೊತೆ ಬರುವ ವಿವರವನ್ನು ಅನುವಾದಿಸುವಾಗ ಬಿಡಬೇಡಿ. ನಮ್ಮ ಕಡೆಯ ತೋಳದ ಚಿತ್ರವಾದರೆ ಗವಿ ಯಾವ ಗುಡ್ಡದಲ್ಲಿ, ಯಾವ ಊರಿನ ದಾರಿಯಲ್ಲಿ ಎಂಬುದನ್ನು ಮಾತ್ರ ದಯವಿಟ್ಟು ಬರೆಯಬೇಡಿ, ಜಿಲ್ಲೆಯ ಹೆಸರು ಸಾಕು. ನಿಮ್ಮ ಓದುಗರ ಛಾಯಾಚಿತ್ರ ಸ್ಪರ್ಧೆಯ ಅರ್ಜಿಯಲ್ಲಿ ಹೆಸರು, ವಿಳಾಸ, ಕ್ಯಾಮೆರಾ ಯಾವುದು ಎಂದೆಲ್ಲ ಕೇಳುತ್ತೀರಿ. ಅದರ ಕೆಳಗೆ ‘ಪ್ರಾಣಿ ಸ್ವತಂತ್ರವಾಗಿತ್ತೇ?’ ಎಂಬ ಒಂದು ಸಾಲು ಸೇರಿಸಿದರೆ ಈ ವರ್ಷದ ಅರ್ಜಿಗೇ ಅನುಕೂಲವಾಗುತ್ತದೆ.

– ನಿವೃತ್ತ ಜೀವಶಾಸ್ತ್ರ ಉಪನ್ಯಾಸಕಿ, ಗಂಗಾವತಿ
(ಸದ್ಯ: ಎಡಿಸನ್, ನ್ಯೂಜೆರ್ಸಿ)